ಕಸಿ ಹಿಡಿದ ವರ್ಷ: ಇಂಡಿಯಾನಾ ಫುಟ್‌ಬಾಲ್, 2024

ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯ ಇರುವ ಊರು ಬ್ಲೂಮಿಂಗ್ಟನ್. ಅಲ್ಲಿನ ಮೆಮೋರಿಯಲ್ ಸ್ಟೇಡಿಯಂಗೆ ಶನಿವಾರ ಬರುವ ಜನ ಬಹಳ ವರ್ಷ ಒಂದು ರೂಢಿ ಇಟ್ಟುಕೊಂಡಿದ್ದರು. ಬೆಳಿಗ್ಗೆಯೇ ಬಂದು ಪಾರ್ಕಿಂಗ್ ಬಯಲಿನಲ್ಲಿ ಕಾರಿನ ಡಿಕ್ಕಿ ತೆರೆದು, ಒಲೆ ಹೂಡಿ, ಮಾಂಸ ಸುಟ್ಟು, ಹಳೆಯ ಸ್ನೇಹಿತರ ಜೊತೆ ಹರಟೆ ಹೊಡೆಯುವುದು. ಇದಕ್ಕೆ ಅಲ್ಲಿನವರು ಟೇಲ್‌ಗೇಟ್ ಅನ್ನುತ್ತಾರೆ. ಒಳಗೆ ಪಂದ್ಯ ಶುರುವಾದರೂ ಎಷ್ಟೋ ಜನ ಒಲೆಯ ಮುಂದಿಂದ ಏಳುತ್ತಿರಲಿಲ್ಲ. ಒಳಗೆ ಹೋದ ವಿದ್ಯಾರ್ಥಿಗಳಲ್ಲೂ ಹಲವರು ಅರ್ಧ ಆಟಕ್ಕೆ ಎದ್ದು ಬರುತ್ತಿದ್ದರು. ಅವರನ್ನು ದೂರುವಂತಿರಲಿಲ್ಲ. ಒಳಗೆ ಏನಾಗುತ್ತದೆ ಎಂದು ಊರಿಗೆಲ್ಲ ಗೊತ್ತಿತ್ತು.

ಇಂಡಿಯಾನಾ ವಿಶ್ವವಿದ್ಯಾಲಯ 1887ರಿಂದ ಫುಟ್‌ಬಾಲ್ ಆಡುತ್ತಿದೆ. 2024ರ ಸೀಸನ್ ಶುರುವಾಗುವ ಹೊತ್ತಿಗೆ ಅಮೆರಿಕದ ಮೇಲಿನ ದರ್ಜೆಯ ಕಾಲೇಜು ಫುಟ್‌ಬಾಲ್‌ನಲ್ಲಿ ಅತಿ ಹೆಚ್ಚು ಪಂದ್ಯ ಸೋತ ತಂಡ ಇದೇ ಆಗಿತ್ತು, 700ಕ್ಕೂ ಮಿಗಿಲಾಗಿ. ಒಂದು ಸೀಸನ್‌ನಲ್ಲಿ ಹತ್ತು ಗೆಲುವು ಎಂಬುದನ್ನು ಅದು ಒಮ್ಮೆಯೂ ಕಂಡಿರಲಿಲ್ಲ. ಅದರ ದೊಡ್ಡ ನೆನಪು 1967ರದ್ದು. ಒಂಬತ್ತು ಪಂದ್ಯ ಗೆದ್ದು, 1968ರ ಹೊಸ ವರ್ಷದ ದಿನ ಕ್ಯಾಲಿಫೋರ್ನಿಯಾದ ರೋಸ್ ಬೌಲ್‌ಗೆ ಹೋಗಿ ಸೋತು ಬಂದದ್ದು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅಜ್ಜಂದಿರು ಮೊಮ್ಮಕ್ಕಳಿಗೆ ಹೇಳಿಕೊಂಡು ಬಂದದ್ದು ಆ ಒಂದೇ ಕಥೆ.

ಈ ಊರಿನ ಹೆಮ್ಮೆಯೆಲ್ಲ ಬ್ಯಾಸ್ಕೆಟ್‌ಬಾಲ್ ಮೇಲಿತ್ತು. ಐದು ರಾಷ್ಟ್ರೀಯ ಪ್ರಶಸ್ತಿಗಳು, ಬಾಬ್ ನೈಟ್ ಎಂಬ ಕೋಚ್, 1976ರ ಅಜೇಯ ತಂಡ. ಕನ್ನಡದವರಿಗೆ ಈ ವಿಶ್ವವಿದ್ಯಾಲಯ ಬೇರೆಯೇ ಕಾರಣಕ್ಕೆ ಹತ್ತಿರ: ಮೈಸೂರಿನ ಎ.ಕೆ. ರಾಮಾನುಜನ್ ಭಾಷಾವಿಜ್ಞಾನದಲ್ಲಿ ಪಿಎಚ್‌ಡಿ ಪಡೆದದ್ದು ಇಲ್ಲೇ, 1963ರಲ್ಲಿ. ಫುಟ್‌ಬಾಲ್ ಅಲ್ಲಿ ಮನೆಯ ಎರಡನೇ ಮಗ. ಹೊಟ್ಟೆಗೆ ಬಟ್ಟೆಗೆ ಕಡಿಮೆ ಮಾಡುತ್ತಿರಲಿಲ್ಲ, ಆದರೆ ಯಾರೂ ಅವನಿಂದ ಏನನ್ನೂ ನಿರೀಕ್ಷಿಸುತ್ತಿರಲಿಲ್ಲ.

ಆ ತಂಡ 2024ರಲ್ಲಿ ಹೊಸ ಹೆಡ್ ಕೋಚ್ ಕೈಯಲ್ಲಿ 11 ಪಂದ್ಯ ಗೆದ್ದು, 2 ಸೋತು, ಚಾಂಪಿಯನ್ ಯಾರೆಂದು ತೀರ್ಮಾನಿಸುವ ರಾಷ್ಟ್ರೀಯ ಪ್ಲೇಆಫ್ ಆಡಿತು. ಇದನ್ನು ಪವಾಡ ಎಂದವರಿದ್ದಾರೆ. ದುಡ್ಡಿನ ಆಟ ಎಂದವರೂ ಇದ್ದಾರೆ. ನನಗೆ ಎರಡೂ ಸರಿ ಎನಿಸುವುದಿಲ್ಲ. ನಾನು ಇಲ್ಲಿ ನೋಡುವುದು ಒಂದು ಕಸಿಯನ್ನು. ಬೇರು ಹಳೆಯದು, ಕೊಂಬೆ ಬೇರೆ ತೋಟದ್ದು, ಕಟ್ಟಿದ ಕೈ ಪಳಗಿದ್ದು. ಕಸಿ ಎಲ್ಲಿ ಹಿಡಿಯಿತು, ಎಲ್ಲಿ ಹಿಡಿಯಲಿಲ್ಲ ಎಂಬುದು ಗೊತ್ತಾಗಬೇಕಾದರೆ ಹನ್ನೊಂದು ಗೆಲುವಿನಷ್ಟೇ ಗಮನ ಕೊಟ್ಟು ಆ ಎರಡು ಸೋಲನ್ನೂ ನೋಡಬೇಕು.

ಆಟದ ಬಗ್ಗೆ ಎರಡು ಮಾತು

ಇದು ನಮ್ಮ ಕಾಲ್ಚೆಂಡಲ್ಲ. ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋದರೆ ಮತ್ತೆ ನಾಲ್ಕು ಪ್ರಯತ್ನ ಸಿಗುತ್ತದೆ, ಹೋಗದಿದ್ದರೆ ಚೆಂಡು ಎದುರಾಳಿಗೆ. ಹೋಗಲಾರೆವು ಎನಿಸಿದಾಗ ನಾಲ್ಕನೇ ಪ್ರಯತ್ನದಲ್ಲಿ ಚೆಂಡನ್ನು ದೂರಕ್ಕೆ ಒದ್ದು ಬಿಟ್ಟುಕೊಡುವುದು ಪಂಟ್. ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದರೆ ಟಚ್‌ಡೌನ್, ಕಂಬಗಳ ನಡುವೆ ಒದ್ದರೆ ಅದಕ್ಕಿಂತ ಕಡಿಮೆ ಅಂಕದ ಫೀಲ್ಡ್ ಗೋಲ್. ಕಬಡ್ಡಿ ಬಲ್ಲವರಿಗೆ ಇದರ ಲಯ ಬೇಗ ಹಿಡಿಯುತ್ತದೆ: ಒಂದೊಂದು ಪ್ಲೇ ಒಂದೊಂದು ರೈಡ್ ಇದ್ದಂತೆ. ಕೆಲವೇ ಸೆಕೆಂಡಿನ ಉಸಿರುಗಟ್ಟಿದ ಜಟಾಪಟಿ, ಆಮೇಲೆ ಎಲ್ಲರೂ ಮತ್ತೆ ಸಾಲುಗಟ್ಟಿ ನಿಲ್ಲುವುದು. ಚೆಂಡು ಎಸೆದು ಆಟ ನಡೆಸುವವನು ಕ್ವಾರ್ಟರ್‌ಬ್ಯಾಕ್. ಅವನ ಮುಂದೆ ಗೋಡೆಯಂತೆ ನಿಲ್ಲುವ ಐದು ಮಂದಿ ದಾಂಡಿಗರೇ ಆಕ್ರಮಣದ ಲೈನ್. ಆ ಐವರ ನಡುವಿನವನು, ಚೆಂಡನ್ನು ಕಾಲ ಸಂದಿಯಿಂದ ಹಿಂದಕ್ಕೆ ಕೊಟ್ಟು ಆಟ ಶುರು ಮಾಡುವವನು, ಸೆಂಟರ್. ಟಿವಿಯಲ್ಲಿ ಲೈನಿನವರ ಹೆಸರು ಅಪರೂಪಕ್ಕೆ ಕೇಳಿಬರುತ್ತದೆ. ಈ ಪ್ರಕರಣದಲ್ಲಿ ಅವರನ್ನು ಮರೆಯಬಾರದು.

ಬಂದ ಮನುಷ್ಯ

2023ರ ನವೆಂಬರ್ ಕೊನೆಯ ವಾರ ಇಂಡಿಯಾನಾ ತನ್ನ ರಾಜ್ಯದೊಳಗಿನ ಹಳೆಯ ಎದುರಾಳಿ ಪರ್ಡೂಗೆ 31-35ರಲ್ಲಿ ಸೋತಿತು. ಮಾರನೆಯ ದಿನವೇ ಕೋಚ್ ಟಾಮ್ ಆಲೆನ್ ಕೆಲಸ ಹೋಯಿತು. ಆಲೆನ್ ಕೆಟ್ಟ ಕೋಚ್ ಆಗಿರಲಿಲ್ಲ. 2020ರ ಕೋವಿಡ್ ವರ್ಷದಲ್ಲಿ 6-2 (ಆರು ಗೆಲುವು, ಎರಡು ಸೋಲು) ಮಾಡಿ ರಾಷ್ಟ್ರೀಯ ಶ್ರೇಯಾಂಕದ ಮೊದಲ ಹತ್ತರೊಳಗೆ ತಂಡವನ್ನು ತಂದಿದ್ದರು. ಆದರೆ ಆಮೇಲಿನ ಮೂರು ವರ್ಷ 2-10, 4-8, 3-9. ಒಪ್ಪಂದ ಮುರಿದದ್ದಕ್ಕೆ ವಿಶ್ವವಿದ್ಯಾಲಯ ಅವರಿಗೆ ಕೊಡಲು ಒಪ್ಪಿದ್ದು ಸುಮಾರು 1.55 ಕೋಟಿ ಡಾಲರ್. ಸೋಲನ್ನು ಅಷ್ಟು ದುಡ್ಡು ಕೊಟ್ಟು ಮನೆಗೆ ಕಳಿಸಿದರು ಎಂದೇ ಲೆಕ್ಕ.

ಕ್ರೀಡಾ ನಿರ್ದೇಶಕ ಸ್ಕಾಟ್ ಡೋಲ್ಸನ್ ಬ್ಲೂಮಿಂಗ್ಟನ್‌ನಲ್ಲೇ ಓದಿದವರು. ವಿದ್ಯಾರ್ಥಿಯಾಗಿದ್ದಾಗ ಬಾಬ್ ನೈಟ್ ಅವರ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಮ್ಯಾನೇಜರ್ ಆಗಿ ದುಡಿದವರು. ಗೆಲ್ಲುವ ತಂಡದ ಒಳಗು ಹೇಗಿರುತ್ತದೆಂದು ಟವೆಲ್ ಮಡಿಸುವ ಮಟ್ಟದಿಂದ ಕಂಡವರು ಅನ್ನಬಹುದು. ಅವರು ಆರಿಸಿದ್ದು ವರ್ಜೀನಿಯಾದ ಜೇಮ್ಸ್ ಮ್ಯಾಡಿಸನ್ ವಿಶ್ವವಿದ್ಯಾಲಯದ ಕೋಚ್ ಕರ್ಟ್ ಸಿಗ್ನೆಟ್ಟಿ ಅವರನ್ನು. ವಯಸ್ಸು 62. ಹೊಸ ಕೋಚ್ ಎಂದರೆ ನಲವತ್ತರೊಳಗಿನ ಚುರುಕಿನವನು ಬೇಕು ಎಂದು ಎಲ್ಲ ವಿಶ್ವವಿದ್ಯಾಲಯಗಳೂ ಹುಡುಕುವ ಕಾಲದಲ್ಲಿ ಈ ಆಯ್ಕೆಗೆ ಧೈರ್ಯ ಬೇಕಿತ್ತು.

ಸಿಗ್ನೆಟ್ಟಿ ಅವರ ದಾರಿಯನ್ನು ತುಸು ನಿಧಾನವಾಗಿಯೇ ಹೇಳಬೇಕು, ಏಕೆಂದರೆ 2024ರಲ್ಲಿ ಆದದ್ದರ ಬೀಜ ಅಲ್ಲೇ ಇದೆ. ಅವರ ತಂದೆ ಫ್ರಾಂಕ್ ಸಿಗ್ನೆಟ್ಟಿ ಕೂಡ ಕೋಚ್. ವೆಸ್ಟ್ ವರ್ಜೀನಿಯಾದಲ್ಲಿ ಕೆಲಕಾಲ, ಆಮೇಲೆ ಎರಡು ದಶಕ ಪೆನ್ಸಿಲ್ವೇನಿಯಾದ ಒಂದು ಸಣ್ಣ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ. ಆ ಊರಿನ ಹೆಸರೂ ಇಂಡಿಯಾನಾ, ವಿಶ್ವವಿದ್ಯಾಲಯದ ಹೆಸರು ಇಂಡಿಯಾನಾ ಯೂನಿವರ್ಸಿಟಿ ಆಫ್ ಪೆನ್ಸಿಲ್ವೇನಿಯಾ. ಮಗ ಕ್ವಾರ್ಟರ್‌ಬ್ಯಾಕ್ ಆಗಿ ವೆಸ್ಟ್ ವರ್ಜೀನಿಯಾದಲ್ಲಿ ಆಡಿ, ಸಹಾಯಕ ಕೋಚ್ ಆಗಿ ಊರೂರು ಸುತ್ತಿ, 2007ರಲ್ಲಿ ಅಲಬಾಮಾದಲ್ಲಿ ಹೆಡ್ ಕೋಚ್ ನಿಕ್ ಸೇಬನ್ ಅವರ ಮೊದಲ ಸಿಬ್ಬಂದಿಯಲ್ಲಿ ಸೇರಿದರು. ಆಟಗಾರರನ್ನು ಹುಡುಕಿ ತರುವ ಜವಾಬ್ದಾರಿ ಅವರದು. 2009ರಲ್ಲಿ ಅಲಬಾಮಾ ರಾಷ್ಟ್ರೀಯ ಚಾಂಪಿಯನ್ ಆಯಿತು.

ಅಲ್ಲಿಂದ ಯಾರಾದರೂ ಮೇಲಕ್ಕೆ ಹೋಗುತ್ತಾರೆ. ಸಿಗ್ನೆಟ್ಟಿ ಎರಡು ಮೆಟ್ಟಿಲು ಕೆಳಗೆ ಇಳಿದರು. 2011ರಲ್ಲಿ, ಐವತ್ತರ ಹತ್ತಿರ ಬಂದಾಗ, ತಂದೆ ಕೋಚ್ ಆಗಿದ್ದ ಅದೇ ಸಣ್ಣ ವಿಶ್ವವಿದ್ಯಾಲಯಕ್ಕೆ, ಕಡಿಮೆ ಸಂಬಳಕ್ಕೆ, ಹೆಡ್ ಕೋಚ್ ಆಗಿ ಹೋದರು. ಅಲ್ಲಿ ಆರು ವರ್ಷ, ಎಲಾನ್ ವಿಶ್ವವಿದ್ಯಾಲಯದಲ್ಲಿ ಎರಡು, ಜೇಮ್ಸ್ ಮ್ಯಾಡಿಸನ್‌ನಲ್ಲಿ ಐದು. ಆ ಹದಿಮೂರು ಸೀಸನ್‌ಗಳಲ್ಲಿ ಒಂದರಲ್ಲೂ ಗೆಲುವಿಗಿಂತ ಸೋಲು ಹೆಚ್ಚಾಗಲಿಲ್ಲ. ಜೇಮ್ಸ್ ಮ್ಯಾಡಿಸನ್‌ನಲ್ಲಂತೂ 52 ಗೆಲುವು, 9 ಸೋಲು. ಕೊನೆಯ ವರ್ಷ 11-1. ದೊಡ್ಡ ವಿಶ್ವವಿದ್ಯಾಲಯದಲ್ಲಿ ಸಹಾಯಕನಾಗಿ ಉಳಿಯುವ ಬದಲು ಸಣ್ಣ ಊರಲ್ಲಿ ಪೂರ್ತಿ ಹೊಣೆ ಹೊತ್ತು ಕಲಿತದ್ದು ಇದು. ಬಸ್ಸಿನ ವ್ಯವಸ್ಥೆಯಿಂದ ಹಿಡಿದು ಮೂರನೇ ಪ್ರಯತ್ನದಲ್ಲಿ ಯಾವ ಪ್ಲೇ ಆಡಬೇಕು ಎನ್ನುವವರೆಗೆ ಎಲ್ಲವೂ ತನ್ನ ತಲೆಯ ಮೇಲೆಯೇ ಇರುವ ಕಡೆ ಕಲಿಕೆಯೇ ಬೇರೆ.

ಬ್ಲೂಮಿಂಗ್ಟನ್‌ಗೆ ಬಂದ ಮೊದಲ ದಿನಗಳಲ್ಲಿ ಅವರ ಮಾತು ಜೋರಾಗಿತ್ತು. ಬ್ಯಾಸ್ಕೆಟ್‌ಬಾಲ್ ಪಂದ್ಯದ ನಡುವೆ ಮೈಕ್ ಹಿಡಿದು ಪರ್ಡೂ, ಮಿಷಿಗನ್, ಒಹಾಯೊ ಸ್ಟೇಟ್ ಮೂರನ್ನೂ ಒಟ್ಟಿಗೆ ಹೀಗಳೆದರು. ಆಟಗಾರರನ್ನು ಬರುವಂತೆ ಹೇಗೆ ಒಪ್ಪಿಸುತ್ತೀರಿ ಎಂದು ಪತ್ರಕರ್ತರೊಬ್ಬರು ಕೇಳಿದಾಗ, ನಾನು ಗೆಲ್ಲುತ್ತೇನೆ, ಗೂಗಲ್ ಮಾಡಿ ನೋಡಿ ಎಂದರು. ದೇಶವೆಲ್ಲ ಈ ಮಾತನ್ನು ಬಡಾಯಿ ಎಂದು ಓದಿತು. ಸೋತು ಸೋತು ತಲೆ ತಗ್ಗಿಸಿದ ಊರಿಗೆ ಬೇಕೆಂದೇ ಕೊಟ್ಟ ಮದ್ದು ಅದು ಎಂದು ನನಗನಿಸುತ್ತದೆ. ಮೈದಾನದ ಅಂಚಿನಲ್ಲಿ ನಿಂತಾಗ ಅದೇ ಮನುಷ್ಯನ ಮುಖದಲ್ಲಿ ನಗುವಿನ ಗೆರೆಯೂ ಮೂಡುವುದಿಲ್ಲ. ನಲವತ್ತು ಅಂಕ ಮುಂದಿದ್ದಾಗಲೂ ಏನೋ ತಪ್ಪಿದವರಂತೆ ಹುಬ್ಬು ಗಂಟಿಕ್ಕಿಕೊಂಡೇ ಇರುತ್ತಾರೆ.

ಕೊಂಬೆ

ಕೋಚ್ ಬದಲಾದಾಗ ಆಟಗಾರರು ಚದುರುತ್ತಾರೆ. ಮೊದಲಾದರೆ ಬೇರೆ ವಿಶ್ವವಿದ್ಯಾಲಯ ಸೇರಿದವನು ಒಂದು ವರ್ಷ ಹೊರಗೆ ಕೂರಬೇಕಿತ್ತು. 2021ರಲ್ಲಿ ಆ ನಿಯಮ ಸಡಿಲವಾಯಿತು; ಅದೇ ವರ್ಷ ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ದುಡ್ಡು ಗಳಿಸಲೂ ಅವಕಾಶವಾಯಿತು. ಹೊರಡಬೇಕೆಂದಿರುವ ಆಟಗಾರರ ಪಟ್ಟಿಗೆ ಟ್ರಾನ್ಸ್‌ಫರ್ ಪೋರ್ಟಲ್ ಎಂದು ಹೆಸರು. 2023ರ ಡಿಸೆಂಬರ್‌ನಲ್ಲಿ ಇಂಡಿಯಾನಾದ ಆಟಗಾರರು ಗುಂಪುಗುಂಪಾಗಿ ಆ ಪಟ್ಟಿಗೆ ಹೆಸರು ಕೊಟ್ಟಿದ್ದರು.

ಸಿಗ್ನೆಟ್ಟಿ ಅದೇ ಬಾಗಿಲಿನಿಂದ ಸುಮಾರು ಮೂವತ್ತು ಜನರನ್ನು ಒಳಗೆ ತಂದರು. ಅವರಲ್ಲಿ 13 ಮಂದಿ ಜೇಮ್ಸ್ ಮ್ಯಾಡಿಸನ್‌ನಿಂದಲೇ ಕೋಚ್ ಹಿಂದೆ ಬಂದವರು. ರಕ್ಷಣೆಯ ನಡುವೆ ನಿಲ್ಲುವ ಲೈನ್‌ಬ್ಯಾಕರ್ ಏಡನ್ ಫಿಶರ್, ಎದುರಾಳಿ ಕ್ವಾರ್ಟರ್‌ಬ್ಯಾಕ್‌ನ ಬೆನ್ನು ಬಿಡದ ಮಿಕೇಲ್ ಕಮಾರಾ, ಎದುರಾಳಿಯ ಎಸೆತ ತಡೆಯುವ ಐದಡಿ ಒಂಬತ್ತಂಗುಲದ ಕಾರ್ನರ್‌ಬ್ಯಾಕ್ ಡಿಆಂಜೆಲೊ ಪಾಂಡ್ಸ್, ಚೆಂಡು ಹಿಡಿಯುವ ಎಲೈಜಾ ಸರಾಟ್. ಸರಾಟ್ ಶುರು ಮಾಡಿದ್ದು ಪೆನ್ಸಿಲ್ವೇನಿಯಾದ ಇನ್ನೂ ಸಣ್ಣ ಸೇಂಟ್ ಫ್ರಾನ್ಸಿಸ್‌ನಲ್ಲಿ. ಇವರಲ್ಲಿ ಯಾರನ್ನೂ ಹೈಸ್ಕೂಲಿನಲ್ಲಿದ್ದಾಗ ದೊಡ್ಡ ವಿಶ್ವವಿದ್ಯಾಲಯಗಳು ಬೆನ್ನುಹತ್ತಿರಲಿಲ್ಲ.

ಸಿಗ್ನೆಟ್ಟಿ ಅವರ ಅಳತೆಗೋಲು ಒಂದೇ: ಮುಂದೆ ಏನಾಗಬಲ್ಲ ಎನ್ನುವುದಕ್ಕಿಂತ ಈಗಾಗಲೇ ಏನು ಆಡಿ ತೋರಿಸಿದ್ದಾನೆ ಎನ್ನುವುದು. ಎತ್ತರ, ತೂಕ, ಓಟದ ವೇಗ ಅಳೆದು ಹದಿನೇಳು ವರ್ಷದ ಹುಡುಗನ ಭವಿಷ್ಯ ಊಹಿಸುವ ಬದಲು, ಇಪ್ಪತ್ತೊಂದು ವರ್ಷದವನ ಎರಡು ಸೀಸನ್‌ನ ವಿಡಿಯೊ ನೋಡುವುದು. ಕ್ವಾರ್ಟರ್‌ಬ್ಯಾಕ್ ಕೂಡ ಹಾಗೇ ಸಿಕ್ಕರು: ಕೆನಡಾದ ಓಕ್‌ವಿಲ್ ಊರಿನ ಕರ್ಟಿಸ್ ರೋರ್ಕ್, ಸಣ್ಣ ಕಾನ್ಫರೆನ್ಸ್‌ನ (ತಂಡಗಳ ಕೂಟದ) ಒಹಾಯೊ ಯೂನಿವರ್ಸಿಟಿಯಲ್ಲಿ ವರ್ಷಗಟ್ಟಲೆ ಆಡಿ ಪಳಗಿದವರು.

ಆಟಗಾರರಿಗಿಂತ ನನಗೆ ಮುಖ್ಯವಾಗಿ ಕಾಣುವುದು ಸಿಬ್ಬಂದಿ. ರಕ್ಷಣೆಯ ಹೊಣೆ ಹೊತ್ತ ಬ್ರಯಂಟ್ ಹೇನ್ಸ್, ಆಕ್ರಮಣದ ಹೊಣೆ ಹೊತ್ತ ಮೈಕ್ ಶಾನಹಾನ್ ಇಬ್ಬರೂ ಹಲವು ವರ್ಷಗಳಿಂದ ಸಿಗ್ನೆಟ್ಟಿ ಜೊತೆಗಿದ್ದವರು, ಜೇಮ್ಸ್ ಮ್ಯಾಡಿಸನ್‌ನಲ್ಲೂ ಅವೇ ಹುದ್ದೆಗಳಲ್ಲಿದ್ದವರು. ಸಾಮಾನ್ಯವಾಗಿ ಹೊಸ ಕೋಚ್ ಬಂದ ವರ್ಷ ಮೊದಲ ಆರು ತಿಂಗಳು ಭಾಷೆ ಕಲಿಸುವುದರಲ್ಲೇ ಹೋಗುತ್ತದೆ. ಯಾವ ಸನ್ನೆಗೆ ಯಾವ ಪ್ಲೇ, ಯಾವ ಕೂಗಿಗೆ ಯಾರು ಎಲ್ಲಿಗೆ ಸರಿಯಬೇಕು ಎಂಬುದೇ ಒಂದು ವ್ಯಾಕರಣ. ಇಂಡಿಯಾನಾದಲ್ಲಿ ಆ ವ್ಯಾಕರಣ ಬಲ್ಲ ಹದಿಮೂರು ಹುಡುಗರು ಮೊದಲ ದಿನವೇ ಅಭ್ಯಾಸದಲ್ಲಿದ್ದರು. ಕೋಚ್ ಒಬ್ಬರಿಗೆ ಹೇಳಿದ್ದನ್ನು ಅವರು ಪಕ್ಕದವನಿಗೆ ಹೇಳಿಕೊಡುತ್ತಿದ್ದರು. ರಕ್ಷಣೆಯ ನಡುವೆ ನಿಂತು ಎಲ್ಲರಿಗೂ ಕರೆ ಕೊಡುವ ಫಿಶರ್‌ಗೆ ಹೇನ್ಸ್ ಅವರ ಯೋಜನೆ ಬಾಯಿಪಾಠವಾಗಿತ್ತು. ದುಡ್ಡು ಕೊಟ್ಟರೆ ಒಳ್ಳೆಯ ಆಟಗಾರರನ್ನು ತರಬಹುದು. ಒಟ್ಟಿಗೆ ಬೆವರು ಹರಿಸಿದ ಹದಿಮೂರು ಜನರನ್ನು ಅವರ ಗುರುಗಳ ಸಮೇತ ತರುವುದು ಬೇರೆ ಮಾತು.

ಹಳೆಯ ಬೇರನ್ನೂ ಮರೆಯಬಾರದು. ಸೆಂಟರ್ ಮೈಕ್ ಕ್ಯಾಟಿಕ್ ಆರನೇ ವರ್ಷ ಇಂಡಿಯಾನಾದಲ್ಲೇ ಉಳಿದವರು. ಆಲೆನ್ ಕಾಲದ 2-10, 4-8, 3-9 ಮೂರನ್ನೂ ಕಂಡವರು. ಹೊಸಬರು ಮೂವತ್ತು ಜನ ಬಂದಾಗ ಹಳಬರು ಮುನಿಸಿಕೊಂಡಿದ್ದರೆ ಲಾಕರ್ ಕೋಣೆ ಎರಡಾಗುತ್ತಿತ್ತು. ಹಾಗಾಗಲಿಲ್ಲ. ಕಳೆದುಕೊಳ್ಳಲು ಏನೂ ಇಲ್ಲದ ಕಡೆ ಹೊಸ ಪದ್ಧತಿಗೆ ಅಡ್ಡ ಬರುವ ಅಹಂಕಾರವೂ ಇರಲಿಲ್ಲ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ.

ಕೊಂಬೆ ಕಳೆದುಕೊಂಡ ಮರದ ಪಾಡೇನು? ಗುರುವನ್ನೂ ಹದಿಮೂರು ಆಟಗಾರರನ್ನೂ ಒಂದೇ ಚಳಿಗಾಲದಲ್ಲಿ ಕಳೆದುಕೊಂಡ ಜೇಮ್ಸ್ ಮ್ಯಾಡಿಸನ್ ಬಗ್ಗೆ ಯೋಚಿಸಿದಾಗ ನನಗೆ ಬೇಸರವೇ ಆಗುತ್ತದೆ. ಈ ಹೊಸ ವ್ಯವಸ್ಥೆಯಲ್ಲಿ ಸಣ್ಣ ವಿಶ್ವವಿದ್ಯಾಲಯಗಳು ದೊಡ್ಡವರಿಗೆ ಸಸಿ ಬೆಳೆಸಿಕೊಡುವ ಪಾತಿಗಳಾಗುತ್ತಿವೆ. ಆದರೂ ಆ ತಂಡ ಕುಸಿಯಲಿಲ್ಲ. ಹೊಸ ಕೋಚ್ ಬಾಬ್ ಚೆಸ್ನಿ ಕೈಯಲ್ಲಿ 2024ರಲ್ಲಿ 9-4 ಮಾಡಿತು, ನಾರ್ತ್ ಕ್ಯಾರೊಲಿನಾ ವಿರುದ್ಧ ಒಂದೇ ಪಂದ್ಯದಲ್ಲಿ 70 ಅಂಕ ಹೊಡೆಯಿತು.

ಹತ್ತು ಗೆಲುವು

ಸೀಸನ್‌ಗೆ ಮುಂಚೆ ಪತ್ರಕರ್ತರು ಬಿಗ್ ಟೆನ್ ಕಾನ್ಫರೆನ್ಸ್‌ನ 18 ತಂಡಗಳಲ್ಲಿ ಇಂಡಿಯಾನಾಗೆ ಕೊಟ್ಟದ್ದು 17ನೇ ಸ್ಥಾನ. ಆಗಸ್ಟ್ 31ರಂದು ಫ್ಲೋರಿಡಾ ಇಂಟರ್‌ನ್ಯಾಷನಲ್ ಮೇಲೆ 31-7. ಮುಂದಿನ ವಾರ ವೆಸ್ಟರ್ನ್ ಇಲಿನಾಯ್ ಮೇಲೆ 77-3. ಇವು ದುರ್ಬಲ ತಂಡಗಳು, ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಸೆಪ್ಟೆಂಬರ್ 14ರಂದು ಲಾಸ್ ಏಂಜಲಿಸ್‌ನ ಯುಸಿಎಲ್ಎ ತಂಡವನ್ನು ಅದರದೇ ಅಂಗಳದಲ್ಲಿ 42-13ರಿಂದ ಸೋಲಿಸಿದರು. ಆ ಅಂಗಳ ರೋಸ್ ಬೌಲ್. 1968ರ ಸೋಲಿನ ನೆಲ. ಐವತ್ತಾರು ವರ್ಷ ಒಂದೇ ಕಥೆ ಹೇಳುತ್ತಿದ್ದ ಅಜ್ಜಂದಿರಿಗೆ ಅದೇ ಮೈದಾನದ ಇನ್ನೊಂದು ಕಥೆ ಸಿಕ್ಕಿತು.

ಶಾರ್ಲಟ್ 52-14, ಮೇರಿಲ್ಯಾಂಡ್ 42-28, ನಾರ್ತ್‌ವೆಸ್ಟರ್ನ್ 41-24. ಅಷ್ಟರಲ್ಲಿ ಅಕ್ಟೋಬರ್ ಬಂತು.

ಅಕ್ಟೋಬರ್ 19ರ ನೆಬ್ರಾಸ್ಕಾ ಪಂದ್ಯವನ್ನು ನಾನು ಈ ಸೀಸನ್‌ನ ತಿರುವು ಎಂದು ಎಣಿಸುತ್ತೇನೆ. ನೆಬ್ರಾಸ್ಕಾ ಆಗ ಐದು ಗೆದ್ದು ಒಂದೇ ಸೋತಿತ್ತು. ಮೆಮೋರಿಯಲ್ ಸ್ಟೇಡಿಯಂ ತುಂಬಿತ್ತು. ಫಲಿತಾಂಶ 56-7. ಅದಕ್ಕಿಂತ ಮುಖ್ಯವಾದದ್ದು ಮೊದಲ ಅರ್ಧದಲ್ಲಿ ನಡೆಯಿತು: ರೋರ್ಕ್ ಅವರ ಚೆಂಡು ಎಸೆಯುವ ಕೈಯ ಹೆಬ್ಬೆರಳಿಗೆ ಪೆಟ್ಟಾಯಿತು. ಅವರು ಹೊರಗೆ ಹೋದರು, ಟೇವನ್ ಜಾಕ್ಸನ್ ಒಳಗೆ ಬಂದರು, ಆಟದ ಲಯ ತಪ್ಪಲೇ ಇಲ್ಲ. ಮುಂದಿನ ವಾರ ವಾಷಿಂಗ್ಟನ್ ವಿರುದ್ಧ ಜಾಕ್ಸನ್ ಅವರೇ ಪೂರ್ತಿ ಆಡಿಸಿದರು. ಅವರ ಒಂದು ಎಸೆತ ಎದುರಾಳಿಯ ಕೈ ಸೇರಿದ ಸ್ವಲ್ಪ ಹೊತ್ತಿಗೇ ಪಾಂಡ್ಸ್ ವಾಷಿಂಗ್ಟನ್‌ನ ಎಸೆತವೊಂದನ್ನು ಹಾರಿ ಹಿಡಿದು ಟಚ್‌ಡೌನ್‌ವರೆಗೂ ಓಡಿಬಿಟ್ಟರು. ಇಂಡಿಯಾನಾ 31-17ರಿಂದ ಗೆದ್ದಿತು. ಒಬ್ಬ ಎಡವಿದಾಗ ಇನ್ನೊಬ್ಬ ಹೆಗಲು ಕೊಡುವ ಇಂಥ ಗುಣ ಒಂದು ಬೇಸಿಗೆಯಲ್ಲಿ ಹುಟ್ಟುವುದು ಕಷ್ಟ. ಅದು ಬೇರೆ ಊರಿನಲ್ಲಿ ಬೆಳೆದು ಬಂದದ್ದು.

ಮೊದಲ ಎಂಟು ಪಂದ್ಯಗಳಲ್ಲಿ ಇಂಡಿಯಾನಾ ಒಂದು ಕ್ಷಣವೂ ಹಿಂದೆ ಬಿದ್ದಿರಲಿಲ್ಲ. ನವೆಂಬರ್ 2ರಂದು ಮಿಷಿಗನ್ ಸ್ಟೇಟ್ ಅಂಗಳದಲ್ಲಿ ಮೊದಲ ಬಾರಿ 0-10 ಆಯಿತು. ಹಳೆಯ ಇಂಡಿಯಾನಾ ಆಗಿದ್ದರೆ ಅಲ್ಲಿಂದ ಜಾರುತ್ತಿತ್ತು. ಇದು ಮುಂದಿನ 47 ಅಂಕಗಳನ್ನು ತಾನೊಂದೇ ಗಳಿಸಿತು. ಸಿಗ್ನೆಟ್ಟಿ ಹುಡುಗರಿಗೆ ಸದಾ ಹೇಳುವುದು ಒಂದೇ ಮಾತು: ಪ್ರತಿ ಪ್ಲೇ ಆರು ಸೆಕೆಂಡಿನದು, ಅದಕ್ಕೆ ಅದರದೇ ಆಯುಸ್ಸಿದೆ, ಹಿಂದಿನದನ್ನು ಹೊತ್ತು ಮುಂದಿನದಕ್ಕೆ ಹೋಗಬೇಡಿ. ಮಾತು ಹೊಸದಲ್ಲ. ಹತ್ತು ಅಂಕ ಹಿಂದೆ ಬಿದ್ದಾಗ ಅದನ್ನು ನಂಬಿ ಆಡುವವರು ಅಪರೂಪ.

ನವೆಂಬರ್ 9ರಂದು ಹಿಂದಿನ ವರ್ಷದ ರಾಷ್ಟ್ರೀಯ ಚಾಂಪಿಯನ್ ಮಿಷಿಗನ್ ಬಂತು. ಅರ್ಧ ಆಟಕ್ಕೆ 17-3 ಮುಂದಿದ್ದ ಇಂಡಿಯಾನಾ ಎರಡನೇ ಅರ್ಧದಲ್ಲಿ ಒದ್ದಾಡಿತು. ಮಿಷಿಗನ್ ಒತ್ತಿ ಒತ್ತಿ 17-15ಕ್ಕೆ ತಂದಿತು, ಸಮ ಮಾಡುವ ಎರಡು ಅಂಕದ ಯತ್ನದಲ್ಲಿ ವಿಫಲವಾಯಿತು. ಒಂದು ಫೀಲ್ಡ್ ಗೋಲ್ ಸೇರಿಸಿ ಇಂಡಿಯಾನಾ 20-15ರಿಂದ ಗೆದ್ದಿತು. ಹತ್ತನೇ ಗೆಲುವು. 1887ರಿಂದ ಆ ದಿನದವರೆಗೆ ಯಾವ ಇಂಡಿಯಾನಾ ತಂಡವೂ ಮುಟ್ಟದ ಸಂಖ್ಯೆ. ಮುಂದಿನ ವಾರ ಪಂದ್ಯವಿರಲಿಲ್ಲ; ಆ ಬಿಡುವಿನಲ್ಲೇ ವಿಶ್ವವಿದ್ಯಾಲಯ ಸಿಗ್ನೆಟ್ಟಿ ಅವರಿಗೆ ವರ್ಷಕ್ಕೆ ಸರಾಸರಿ 80 ಲಕ್ಷ ಡಾಲರ್‌ನಂತೆ ಎಂಟು ವರ್ಷದ ಹೊಸ ಒಪ್ಪಂದ ಘೋಷಿಸಿತು. ಬೇರೆಯವರು ಹೊತ್ತೊಯ್ಯುವ ಮುಂಚೆ ಬೇಲಿ ಹಾಕಿಕೊಂಡಿತು.

ಆದರೆ ಆ ಮಿಷಿಗನ್ ಪಂದ್ಯದ ಎರಡನೇ ಅರ್ಧ ಗೆಲುವಿನ ಸಂಭ್ರಮದಲ್ಲಿ ಮುಚ್ಚಿಹೋಯಿತು. ಮಿಷಿಗನ್‌ನ ಮುಂಸಾಲಿನ ಭಾರಿ ಆಳುಗಳು ಇಂಡಿಯಾನಾದ ಲೈನನ್ನು ಹಿಂದಕ್ಕೆ ತಳ್ಳುತ್ತಿದ್ದರು. ರೋರ್ಕ್‌ಗೆ ಎಸೆಯಲು ಸಮಯವೇ ಸಿಗುತ್ತಿರಲಿಲ್ಲ. ಕಸಿಯ ಗಂಟು ಎಲ್ಲಿ ಸಡಿಲವಿದೆ ಎಂಬುದು ಅಲ್ಲೇ ಕಾಣಿಸಿತ್ತು.

ಎರಡು ಸೋಲು

ನವೆಂಬರ್ 23, ಒಹಾಯೊ ಸ್ಟೇಟ್‌ನ ಊರಾದ ಕೊಲಂಬಸ್. ಇಂಡಿಯಾನಾ ರಾಷ್ಟ್ರದಲ್ಲಿ ಐದನೆಯದು, ಒಹಾಯೊ ಸ್ಟೇಟ್ ಎರಡನೆಯದು, ಲಕ್ಷ ದಾಟಿದ ಜನ. ಮೊದಲು ಟಚ್‌ಡೌನ್ ಹೊಡೆದದ್ದು ಇಂಡಿಯಾನಾ. ಅರ್ಧ ಆಟ ಮುಗಿಯುವ ಹೊತ್ತಿಗೆ 7-7 ಇದ್ದಾಗ, ಪಂಟ್ ಮಾಡಬೇಕಿದ್ದ ಆಟಗಾರನ ಕೈಯಿಂದ ಚೆಂಡು ಜಾರಿತು. ಹತ್ತಿರದಲ್ಲೇ ಚೆಂಡು ಸಿಕ್ಕ ಒಹಾಯೊ ಸ್ಟೇಟ್ 14-7 ಮಾಡಿಕೊಂಡಿತು. ಮೂರನೇ ಕ್ವಾರ್ಟರ್‌ನಲ್ಲಿ (ಆಟದ ಮೂರನೇ ಕಾಲುಭಾಗದಲ್ಲಿ) ಅವರ ಕೇಲೆಬ್ ಡೌನ್ಸ್ ಪಂಟ್ ಹಿಡಿದು 79 ಗಜ ಓಡಿ ಟಚ್‌ಡೌನ್ ಮಾಡಿದರು. ಕೊನೆಗೆ 15-38.

ಪಂಟಿನ ಎರಡು ಎಡವಟ್ಟುಗಳನ್ನು ಹಿಡಿದು, ಅದೃಷ್ಟ ಕೈಕೊಟ್ಟಿತು ಎಂದು ಸಮಾಧಾನ ಮಾಡಿಕೊಂಡವರಿದ್ದಾರೆ. ಅಂಕಿಗಳು ಬೇರೆ ಹೇಳುತ್ತವೆ. ಇಡೀ ಪಂದ್ಯದಲ್ಲಿ ಇಂಡಿಯಾನಾ ಮುಂದೆ ಸಾಗಿದ್ದು 151 ಗಜ. ರೋರ್ಕ್ 18 ಎಸೆತದಲ್ಲಿ 8 ತಲುಪಿಸಿ 68 ಗಜ ಗಳಿಸಿದರು; ಐದು ಬಾರಿ ಚೆಂಡು ಕೈಯಲ್ಲಿರುವಾಗಲೇ ನೆಲಕ್ಕುರುಳಿದರು. ಜೇಮ್ಸ್ ಮ್ಯಾಡಿಸನ್‌ನಿಂದ ಬಂದ ಜಾಣ್ಮೆ, ಶಿಸ್ತು, ವ್ಯಾಕರಣ ಎಲ್ಲವೂ ಇತ್ತು. ಮುಂದೆ ನಿಂತ ಐವರು ಎದುರಿನ ನಾಲ್ವರನ್ನು ಮೂರು ಸೆಕೆಂಡು ತಡೆಯಲಾಗಲಿಲ್ಲ. ಒಹಾಯೊ ಸ್ಟೇಟ್ ಲೈನಿನಂಥ ದೈತ್ಯರನ್ನು ಹೈಸ್ಕೂಲಿನಿಂದಲೇ ಆರಿಸಿ ನಾಲ್ಕೈದು ವರ್ಷ ಉಣಿಸಿ ಬೆಳೆಸಬೇಕು. ಒಂದು ವರ್ಷದ ಕಸಿಯಲ್ಲಿ ಆ ಬಲ ಬರುವುದಿಲ್ಲ.

ಅದಾದ ವಾರಕ್ಕೆ ಪರ್ಡೂ ವಿರುದ್ಧ 66-0. ಓಲ್ಡ್ ಓಕನ್ ಬಕೆಟ್ ಎಂಬ ಹಳೆಯ ಮರದ ಬಕೆಟ್ಟಿಗಾಗಿ 1925ರಿಂದ ಈ ಎರಡು ತಂಡ ಸೆಣಸುತ್ತಿವೆ. ಒಂದು ವರ್ಷದ ಹಿಂದೆ ಇಂಡಿಯಾನಾ ಕೋಚ್ ಕೆಲಸ ಕಳೆದುಕೊಂಡದ್ದು ಇದೇ ಪಂದ್ಯದ ಮಾರನೆಯ ದಿನ. ಈ ವರ್ಷ ಆ ಗತಿ ಪರ್ಡೂ ಕೋಚ್‌ಗೆ ಬಂತು.

ಪ್ಲೇಆಫ್ ಆ ವರ್ಷವೇ ನಾಲ್ಕರಿಂದ ಹನ್ನೆರಡು ತಂಡಕ್ಕೆ ಹಿಗ್ಗಿತ್ತು. ಇಂಡಿಯಾನಾ 10ನೇ ಸ್ಥಾನದಲ್ಲಿ ಒಳಬಂತು. ಮೊದಲ ಸುತ್ತಿನ ಎದುರಾಳಿ ಅದೇ ರಾಜ್ಯದ ಉತ್ತರ ತುದಿಯ ನೋಟರ್‌ಡೇಮ್. 1991ರ ನಂತರ ಇವೆರಡೂ ಎದುರುಬದುರಾಗಿರಲಿಲ್ಲ. ಡಿಸೆಂಬರ್ 20ರ ಶುಕ್ರವಾರ ರಾತ್ರಿ, ಕೊರೆಯುವ ಚಳಿ. ವಿಶ್ವವಿದ್ಯಾಲಯದ ಅಂಗಳದಲ್ಲಿ ನಡೆದ ಮೊಟ್ಟಮೊದಲ ಪ್ಲೇಆಫ್ ಪಂದ್ಯ. ಆರಂಭದಲ್ಲೇ ಪಾಂಡ್ಸ್ ನೋಟರ್‌ಡೇಮ್‌ನ ಎಸೆತವೊಂದನ್ನು ಕಸಿದರು. ಇಂಡಿಯಾನಾ ಗೆರೆಯ ಹತ್ತಿರ ಹೋಗುವಷ್ಟರಲ್ಲಿ ರೋರ್ಕ್ ಎಸೆತವನ್ನು ನೋಟರ್‌ಡೇಮ್‌ನವರು ಎರಡು ಗಜದ ಗೆರೆಯಲ್ಲಿ ಕಸಿದರು. ಅಲ್ಲಿಂದ ಅವರ ಜೆರೆಮೈಯಾ ಲವ್ ಒಂದೇ ಓಟಕ್ಕೆ 98 ಗಜ ಓಡಿ ಟಚ್‌ಡೌನ್ ಹೊಡೆದರು. ಒಂದು ನಿಮಿಷದೊಳಗೆ ಇಡೀ ರಾತ್ರಿಯ ಗಾಳಿ ತಿರುಗಿತು.

ನಾಲ್ಕನೇ ಕ್ವಾರ್ಟರ್‌ನಲ್ಲಿ 3-20 ಹಿಂದಿದ್ದಾಗ ಸಿಗ್ನೆಟ್ಟಿ ನಾಲ್ಕನೇ ಪ್ರಯತ್ನದಲ್ಲಿ ಆಡುವ ಬದಲು ಚೆಂಡನ್ನು ಪಂಟ್ ಮಾಡಿ ಬಿಟ್ಟುಕೊಟ್ಟರು. ಇದನ್ನು ನಾನು ಒಪ್ಪಲಾರೆ. ಇನ್ನೊಂದು ಅವಕಾಶ ಸಿಗದ ಪಂದ್ಯದಲ್ಲಿ ಹದಿನೇಳು ಅಂಕ ಹಿಂದಿರುವವನಿಗೆ ಚೆಂಡಿಗಿಂತ ದೊಡ್ಡ ಆಸ್ತಿಯಿಲ್ಲ. ತನ್ನ ಆಕ್ರಮಣದ ಮೇಲೆ ಕೋಚ್‌ಗೇ ಆ ರಾತ್ರಿ ನಂಬಿಕೆ ಉಳಿದಿರಲಿಲ್ಲ ಎಂದು ನನಗೆ ಕಾಣುತ್ತದೆ, ಮತ್ತು ಆ ಅಪನಂಬಿಕೆಗೆ ಕಾರಣ ಮತ್ತೆ ಅದೇ ಲೈನ್. ಕೊನೆಯ ಒಂದೂವರೆ ನಿಮಿಷದಲ್ಲಿ ಎರಡು ಟಚ್‌ಡೌನ್ ಹೊಡೆದು 17-27ಕ್ಕೆ ಮುಗಿಸಿದರು.

ಆಮೇಲೆ ಎದ್ದ ಗದ್ದಲ ದೊಡ್ಡದು. ಗೆದ್ದ ಹನ್ನೊಂದರಲ್ಲಿ ಒಂದೂ ಆ ಹೊತ್ತಿಗೆ ಶ್ರೇಯಾಂಕ ಪಡೆದ ತಂಡವಲ್ಲ, ಮೂರು ಸೋತ ಅಲಬಾಮಾವನ್ನು ಹೊರಗಿಟ್ಟು ಇವರನ್ನು ಏಕೆ ತೆಗೆದುಕೊಂಡಿರಿ ಎಂದು ದಕ್ಷಿಣದ ರಾಜ್ಯಗಳವರು ಕೂಗಾಡಿದರು. ಮೊದಲ ಮಾತು ನಿಜ. ಆದರೆ ಆ ಸುತ್ತಿನಲ್ಲಿ ಸೋತ ನಾಲ್ಕು ತಂಡಗಳ ಅಂತರ 10, 14, 25, 28. ಅತಿ ಕಡಿಮೆ ಅಂತರದಲ್ಲಿ ಸೋತದ್ದು ಇಂಡಿಯಾನಾ. ಅದನ್ನು ಆ ವರ್ಷ ಸೋಲಿಸಿದ್ದು ಎರಡೇ ತಂಡ, ಒಹಾಯೊ ಸ್ಟೇಟ್ ಮತ್ತು ನೋಟರ್‌ಡೇಮ್. 2025ರ ಜನವರಿ 20ರ ಫೈನಲ್ ಆಡಿದ್ದೂ ಅವೇ ಎರಡು.

ಇಡೀ ಸೀಸನ್‌ನ 13 ಪಂದ್ಯಗಳಲ್ಲಿ ಇಂಡಿಯಾನಾ 537 ಅಂಕ ಗಳಿಸಿ 203 ಬಿಟ್ಟುಕೊಟ್ಟಿತು. ಸಿಗ್ನೆಟ್ಟಿ ಅವರಿಗೆ ವರ್ಷದ ಕೋಚ್ ಪ್ರಶಸ್ತಿಗಳು ಒಂದರ ಹಿಂದೊಂದು ಬಂದವು. ರೋರ್ಕ್ 3,042 ಗಜ, 29 ಟಚ್‌ಡೌನ್.

ಆ ಜನವರಿಯಲ್ಲಿ ಇನ್ನೊಂದು ಸುದ್ದಿ ಹೊರಬಿತ್ತು. ರೋರ್ಕ್ ಇಡೀ ಸೀಸನ್ ಆಡಿದ್ದು ಮೊಣಕಾಲಿನ ಎಸಿಎಲ್ ಎಂಬ ಮುಖ್ಯ ನಾರು ಹರಿದುಕೊಂಡು. ಆಗಸ್ಟ್ ಅಭ್ಯಾಸದಲ್ಲೇ ಆದ ಪೆಟ್ಟು. ಇದನ್ನು ವೀರಗಾಥೆ ಎಂದು ಬರೆದವರೇ ಹೆಚ್ಚು. ನನಗೆ ಮೆಚ್ಚುಗೆಯ ಜೊತೆಗೆ ಸಂಕಟವೂ ಆಯಿತು. ಕೊಲಂಬಸ್‌ನಲ್ಲಿ ಐದು ಬಾರಿ ನೆಲಕ್ಕುರುಳಿದವನ ಒಂದು ಮೊಣಕಾಲು ಸರಿಯಿರಲಿಲ್ಲ ಎಂದು ತಿಳಿದ ಮೇಲೆ ಆ ಅಂಕಿಗಳನ್ನು ಮೊದಲಿನಂತೆ ಓದಲಾಗುವುದಿಲ್ಲ. ಇಪ್ಪತ್ತನಾಲ್ಕರ ಆಸುಪಾಸಿನ ಹುಡುಗನೊಬ್ಬ, ತನಗೆ ಸಿಕ್ಕ ಕೊನೆಯ ಕಾಲೇಜು ವರ್ಷ, ಎದುರಿಗೆ ನೂರಮೂವತ್ತು ವರ್ಷ ಕಾದ ಊರು. ಬೇಡ ಎಂದು ಹೇಳುವ ಸ್ಥಿತಿಯಲ್ಲಿ ಅವನು ನಿಜವಾಗಿ ಇದ್ದನೇ ಎಂದು ಯಾರಾದರೂ ಕೇಳಬೇಕಿತ್ತು.

ಮುಂದಿನ ವರ್ಷ ಏನಾಯಿತೆಂದು ಈಗ ಎಲ್ಲರಿಗೂ ಗೊತ್ತು: 2025ರ ಸೀಸನ್‌ನಲ್ಲಿ 16 ಪಂದ್ಯ, 16 ಗೆಲುವು, ರಾಷ್ಟ್ರೀಯ ಪ್ರಶಸ್ತಿ. ಹಾಗಾಗಿ 2024ನ್ನು ಬರೀ ಮುನ್ನುಡಿ ಎಂದು ನೋಡುವ ಚಾಳಿ ಬಂದಿದೆ. ಆದರೆ ಆ ವರ್ಷದ ಸೋಲುಗಳನ್ನು ಕೋಚ್ ಹೇಗೆ ಓದಿಕೊಂಡರು ಎಂಬುದು ಆ ಜನವರಿಯ ಕೆಲಸದಲ್ಲೇ ಇದೆ. ಕ್ಯಾಟಿಕ್ ಕಾಲೇಜು ಮುಗಿಸಿ ಹೊರಟಿದ್ದರು, ಸೆಂಟರ್ ಸ್ಥಾನ ಖಾಲಿಯಿತ್ತು. ನೋಟರ್‌ಡೇಮ್ ಪರ ಅದೇ ಸ್ಥಾನದಲ್ಲಿ ನಿಂತು, ಡಿಸೆಂಬರ್ 20ರ ರಾತ್ರಿ ಇಂಡಿಯಾನಾ ವಿರುದ್ಧ, ಜನವರಿ 20ರ ರಾತ್ರಿ ಫೈನಲ್‌ನಲ್ಲಿ ಆಡಿದ್ದವರು ಪ್ಯಾಟ್ ಕೂಗನ್. ಫೈನಲ್ ಮುಗಿದು ಹೆಚ್ಚು ದಿನವಾಗಿರಲಿಲ್ಲ, ಕೂಗನ್ ಪೋರ್ಟಲ್‌ಗೆ ಹೆಸರು ಕೊಟ್ಟರು, ಬ್ಲೂಮಿಂಗ್ಟನ್‌ನಿಂದ ಕರೆ ಹೋಯಿತು, ಅವರು ಬಂದರು.